ಅತನೂರಿಗೆ ನಾನು ಮಳೆ ತರಲು ಹೋದದ್ದು

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಪ್ರಾಚೀನ ಸಂಸ್ಕೃತ ಮಹಾಕಾವ್ಯಗಳ ವಿಷಯದಲ್ಲಿ ನಾನು ನಿಮ್ಮ ಹಾಗೆ ಸಾಮಾನ್ಯ ಮನುಷ್ಯನಲ್ಲ. ನನ್ನ ಹತ್ತಿರ ಪ್ರಮಾಣಪತ್ರ ಇದೆ. ಲ್ಯಾಮಿನೇಶನ್ ಕೂಡ ಮಾಡಿಸಿದ್ದೇನೆ!

ಈ ಪ್ರಮಾಣಪತ್ರದ ಮೂಲ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ನನ್ನ ಮಾವನ ಮನೆಯ ಚಹಾ. ನನ್ನ ಹೆಂಡತಿ ನೀಲಮ್ಮನ ತವರು ಅತನೂರು. ನಾವಿರುವ ಅಫಜಲಪುರದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದಷ್ಟು ಹತ್ತಿರ. ಮಾವ ಊರಿನ ಹಿರಿಯ ಗೌಡರು. ಅವರ ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿದರೆ ಸಾಕು, ಮಾತು ತೊಗರಿಯಿಂದ ಹೊರಟು ಎತ್ತುಗಳ ಮೇಲೆ ಹಾದು ಪುರಾಣಕ್ಕೆ ಬಂದು ನಿಲ್ಲುತ್ತದೆ. ಐವರು ಅಣ್ಣತಮ್ಮಂದಿರು ಜೂಜಿಗೆ ಕುಳಿತದ್ದು ಸರಿಯೋ ತಪ್ಪೋ ಎಂದು, ಮೊನ್ನೆ ಪಂಚಾಯಿತಿಯಲ್ಲಿ ನಡೆದ ಸಂಗತಿಯೇನೋ ಎಂಬಂತೆ ಅವರು ಜಗಳವಾಡುತ್ತಾರೆ. ಅಲ್ಲಿ ನಾನು ಬಾಯಿ ತೆರೆದೆನೋ ಇಲ್ಲವೋ, ಮಾವ ಒಳಗೆ ಮುಖ ಮಾಡಿ ಕೂಗುತ್ತಾರೆ.

“ಅಳಿಯಂದಿರು ಲೆಕ್ಕದ ಮಾಸ್ತರ. ಅವರಿಗೆ ಇದೆಲ್ಲ ಬ್ಯಾಸರ ಆಗ್ತದ. ಅವರಿಗೆ ಚಾ ಕೊಡ್ರಿ!”

ಚಹಾ ಬರುತ್ತದೆ. ನನ್ನ ಬಾಯಿ ಮುಚ್ಚುತ್ತದೆ. ಮದುವೆಯಾದ ಇಪ್ಪತ್ತೆಂಟು ವರ್ಷವೂ ನನ್ನ ಅಭಿಪ್ರಾಯಗಳನ್ನೆಲ್ಲ ಹೀಗೆ ಚಹಾದ ಜೊತೆ ನುಂಗಿದ್ದೇನೆ.

ಶಾಲೆಯಿಂದ ನಿವೃತ್ತನಾದ ಮರುತಿಂಗಳೇ ಸೇಡು ತೀರಿಸಿಕೊಳ್ಳಲು ನಿಶ್ಚಯಿಸಿದೆ. ಮೊಬೈಲಿನಲ್ಲಿ ಒಂದು ಕೋರ್ಸು ಸಿಕ್ಕಿತು: ಪ್ರಾಚೀನ ಸಂಸ್ಕೃತ ಮಹಾಕಾವ್ಯಗಳು ಮತ್ತು ಹಿಂದೂ ಸಂಸ್ಕೃತಿಯಲ್ಲಿ ಅವುಗಳ ಸ್ಥಾನ. ಆರು ವಾರ, ಆರು ಪಾಠ, ಕೊನೆಗೆ ಪ್ರಮಾಣಪತ್ರ. ನಾನು ಬಿದ್ದು ಬಿದ್ದು ಓದಿದೆ. ಎಷ್ಟು ಪರ್ವ, ಎಷ್ಟು ಕಾಂಡ, ಯಾವ ಪ್ರತಿಯಲ್ಲಿ ಯಾವ ಶ್ಲೋಕ ಹೆಚ್ಚು ಎಂದು ಎರಡು ನೋಟುಬುಕ್ಕು ತುಂಬಿಸಿದೆ. ‘ಪ್ರಕ್ಷಿಪ್ತ’ ಎಂಬ ಶಬ್ದ ಕಲಿತೆ. ಮೂಲದಲ್ಲಿ ಇಲ್ಲದ್ದನ್ನು ಆಮೇಲೆ ಯಾರೋ ತುರುಕಿದ್ದು ಎಂದು ಅದರ ಅರ್ಥ. ಶಬ್ದ ಎಷ್ಟು ಹಿಡಿಸಿತೆಂದರೆ ಸಾರಿನಲ್ಲಿ ಉಪ್ಪು ಹೆಚ್ಚಾದಾಗಲೂ ನೀಲಮ್ಮನಿಗೆ, “ಈ ಉಪ್ಪು ಪ್ರಕ್ಷಿಪ್ತ” ಎಂದೆ.

“ಹೌದ್ರಿ? ಹಂಗಾದ್ರ ನಾಳೆಯಿಂದ ಮೂಲ ಸಾರು ನೀವ ಮಾಡ್ಕೊರ್ರಿ” ಎಂದಳು.

ಆರನೆಯ ಪಾಠ ಮಾತ್ರ ನಾನು ಸರಿಯಾಗಿ ಕೇಳಲಿಲ್ಲ. ಅದರ ಹೆಸರು ‘ಜನಜೀವನದಲ್ಲಿ ಮಹಾಕಾವ್ಯಗಳು’. ಜನಜೀವನದ ಬಗ್ಗೆ ನನಗೆ ಯಾರು ಹೇಳಿಕೊಡಬೇಕು? ನಾನೇ ಜನ! ಮೊಬೈಲನ್ನು ಕಿಟಕಿಯಲ್ಲಿಟ್ಟು, ಪಾಠ ಹಚ್ಚಿ, ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಪಾಠ ಮುಗಿದು ಪ್ರಮಾಣಪತ್ರ ಬಂದಿತ್ತು.

ಆಷಾಢದ ಒಂದು ಬೆಳಿಗ್ಗೆ ಮಾವನ ಫೋನು ಬಂತು. ಮೊದಲ ಮಳೆಯೇನೋ ಚೆನ್ನಾಗಿ ಬಿದ್ದು ಹೊಲ ಹಸನಾಗಿತ್ತು. ಆಮೇಲೆ ಮಳೆರಾಯ ಈ ಕಡೆ ತಲೆ ಹಾಕಿರಲಿಲ್ಲ. ಬೀಜ ಮನೆಯಲ್ಲಿ, ಕೂರಿಗೆ ಅಂಗಳದಲ್ಲಿ, ಊರವರ ಕಣ್ಣು ಆಕಾಶದಲ್ಲಿ. ಇಂಥ ಹೊತ್ತಿನಲ್ಲಿ ಅತನೂರಿನ ಪದ್ಧತಿ ಒಂದೇ. ಹಣಮಪ್ಪನ ಗುಡಿಯಲ್ಲಿ ಅಜ್ಞಾತವಾಸದ ಪರ್ವ ಓದಿಸುವುದು. ಐವರು ವೇಷ ಮರೆಸಿಕೊಂಡು ಅಡುಗೆ ಮಾಡುತ್ತ, ಕುದುರೆ ಮೇಯಿಸುತ್ತ ಒಂದು ವರ್ಷ ಕಳೆಯುತ್ತಾರಲ್ಲ, ಆ ಕಥೆ. ಅದು ಮುಗಿಯುವಷ್ಟರಲ್ಲಿ ಮಳೆ ಬರುತ್ತದೆ ಎಂಬ ನಂಬಿಕೆ. ಪ್ರತಿ ಸಲ ಓದುತ್ತಿದ್ದ ಹಿರಿಯರಿಗೆ ಕಣ್ಣಿನ ಆಪರೇಶನ್ ಆಗಿತ್ತು.

“ನೀವು ಏನೋ ದೊಡ್ಡ ಪರೀಕ್ಷಾ ಪಾಸಾಗೀರಂತಲ್ರಿ? ನೀಲಿ ಹೇಳಿದಳು. ಈ ಸಲ ನೀವ ಬಂದು ಓದ್ರಿ” ಎಂದರು ಮಾವ.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ! ಫೋನು ಇಟ್ಟ ಮೇಲೂ ನಾನು ಎದ್ದು ನಿಂತೇ ಇದ್ದೆ. ನೀಲಮ್ಮನ ಕಣ್ಣಲ್ಲಿ ನೀರು.

“ನೋಡ್ರಿ, ನಮ್ಮಪ್ಪ ನಿಮ್ಮನ್ನ ಒಂದು ಕೆಲಸಕ್ಕ ಅಂತ ಕರದಾನ. ನನ್ನ ತವರಿನ್ಯಾಗ ನಾ ಮಾರಿ ಎತ್ತಿ ಅಡ್ಡಾಡೋದು ಈಗ ನಿಮ್ಮ ಕೈಯಾಗ ಅದ. ಹಿರೇರು ಏನು ಓದ್ತಿದ್ರೋ ಅದನ್ನಷ್ಟ ಓದಿ ಬಂದುಬಿಡ್ರಿ. ನಿಮ್ಮ ಶಾಣ್ಯಾತನ ನಡುವ ತರಬ್ಯಾಡ್ರಿ.”

“ಏನೂ ಫಿಕರ್ ಮಾಡಬ್ಯಾಡ” ಎಂದೆ. ನನ್ನ ಶಾಣ್ಯಾತನ ಆಗಲೇ ನಡುವೆ ಬಂದು ಕುಳಿತಿತ್ತು.

ಆ ಪರ್ವವನ್ನು ತೆರೆದು ನೋಡಿದೆ. ಅಡುಗೆ ಇದೆ, ಕುಸ್ತಿ ಇದೆ, ದನಗಳನ್ನು ಹೊಡೆದುಕೊಂಡು ಹೋಗುವುದಿದೆ. ಮಳೆ ಎಲ್ಲಿದೆ? ಇದನ್ನು ಓದಿದರೆ ಮಳೆ ಹೇಗೆ ಬಂದೀತು? ಗಣಿತದವನಿಗೆ ಇದು ಒಪ್ಪುವ ಮಾತಲ್ಲ. ಮಳೆ ಬೇಕಿದ್ದರೆ ಮಳೆ ಹೆಚ್ಚು ಇರುವ ಭಾಗವನ್ನೇ ಓದಬೇಕು! ಹಿರಿಯರು ಇಷ್ಟು ಕಾಲ ಸೂತ್ರವನ್ನೇ ತಪ್ಪಾಗಿ ಹಚ್ಚಿದ್ದಾರೆ ಎಂದು ತೀರ್ಮಾನಿಸಿದೆ.

ಮೊಬೈಲಿನಲ್ಲಿ ಹದಿನೆಂಟೂ ಪರ್ವಗಳ ಕನ್ನಡ ಅನುವಾದ ಇತ್ತು. ‘ಮಳೆ’ ಎಂದು ಹುಡುಕಿದೆ. ‘ಮೋಡ’ ಎಂದು ಹುಡುಕಿದೆ. ‘ಗುಡುಗು’, ‘ಮಿಂಚು’, ‘ಹನಿ’ ಯಾವುದನ್ನೂ ಬಿಡಲಿಲ್ಲ. ಸಿಕ್ಕ ಶಬ್ದಕ್ಕೆಲ್ಲ ಮೊಬೈಲು ಹಳದಿ ಬಣ್ಣ ಹಚ್ಚುತ್ತ ಬಂತು. ಮೊದಲ ಪರ್ವದ ಕೊನೆಯಲ್ಲಿ ಒಂದು ಕಾಡಿನ ಪ್ರಸಂಗ ಸಿಕ್ಕಿತು ನೋಡಿ, ಪುಟವೆಲ್ಲ ಅರಿಷಿಣ ಹಚ್ಚಿದ ಹಾಗೆ ಹಳದಿಯಾಯಿತು. ಅಷ್ಟು ಮಳೆ, ಅಷ್ಟು ಮೋಡ! ಉಳಿದ ಪರ್ವಗಳೆಲ್ಲ ಅದರ ಹತ್ತಿರವೂ ಬರಲಿಲ್ಲ. ಶ್ಲೋಕ, ಅರ್ಥ ಎರಡೂ ಇರುವ ಆ ಪರ್ವದ ಪುಸ್ತಕ ತಂದಿಟ್ಟುಕೊಂಡೆ. ಕಥೆಯನ್ನು ಪೂರ್ತಿ ಓದಲು ಹೋಗಲಿಲ್ಲ. ಉತ್ತರ ಸಿಕ್ಕ ಮೇಲೆ ಲೆಕ್ಕವನ್ನು ತಿರುಗಿ ಓದುವ ಅಭ್ಯಾಸ ನನಗಿಲ್ಲ.

ಅತನೂರಿಗೆ ನೀಲಮ್ಮ ಹಿಂದಿನ ದಿನವೇ ಹೋದಳು. ನಾನು ಪಕ್ಕದ ಮನೆಯ ಮಹಿಬೂಬಸಾಬರ ಮೋಟರ್ ಸೈಕಲ್ ಹತ್ತಿದೆ. ಅವರದು ಅಫಜಲಪುರದಲ್ಲಿ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಹುಟ್ಟೂರು ಅತನೂರೇ. ವಯಸ್ಸಿನಲ್ಲಿದ್ದಾಗ ಅಲ್ಲಿನ ದೊಡ್ಡಾಟದಲ್ಲಿ ಗದೆ ಹಿಡಿದು ಕುಣಿದವರು. ನೀಲಮ್ಮ ಅವರನ್ನು ಅಣ್ಣ ಎಂದೇ ಕರೆಯುತ್ತಾಳೆ.

“ಮಾಸ್ತರ್ರ, ಅಜ್ಞಾತವಾಸ ಓದ್ತೀರಲ್ರಿ?” ಎಂದು ದಾರಿಯಲ್ಲಿ ಕೇಳಿದರು.

“ಅದಕ್ಕಿಂತ ಜೋರು ಇರೋದು ಹುಡುಕೇನಿ!”

“ಅದಕ್ಕಿಂತ ಜೋರು ಯಾವದದ ರೀ?”

“ನೀವು ದೊಡ್ಡಾಟದವರು. ಇದು ಅಧ್ಯಯನದ ವಿಷಯ. ನಿಮಗ ತಿಳಿಯೋದಿಲ್ಲ” ಎಂದೆ. ಪಾಪ, ಅವರು ಗಾಡಿಯ ವೇಗವನ್ನು ಸ್ವಲ್ಪ ಕಡಿಮೆ ಮಾಡಿದರು.

ಗುಡಿಯ ಮುಂದೆ ಊರಿಗೆ ಊರೇ ಕೂಡಿತ್ತು. ನನಗೆ ತಣ್ಣೀರು ಸ್ನಾನ ಮಾಡಿಸಿ, ಒದ್ದೆ ಧೋತರದಲ್ಲೇ ಮಣೆಯ ಮೇಲೆ ಕೂಡಿಸಿದರು. ಮಾವ ತಮ್ಮ ಕೈಯಿಂದ ನನ್ನ ತಲೆಗೆ ಪಟಕಾ ಸುತ್ತಿದರು. ನಾನು ಪ್ರಮಾಣಪತ್ರವನ್ನು ಚೀಲದಿಂದ ತೆಗೆದು, ಜನರಿಗೆ ಕಾಣುವಂತೆ ಪುಸ್ತಕದ ಮಣೆಗೆ ಆನಿಸಿ ಇಟ್ಟೆ. ಆಗ ಮಾವ ಎದ್ದು ನಿಂತು ಊರಿನ ಕಟ್ಟಳೆ ಸಾರಿದರು.

“ಎಲ್ಲಾರೂ ಕೇಳ್ರಿ. ಹಿಡಿದ ಕತಿ ಮುಗಿಯೋತನಕ ಯಾರೂ ಏಳಂಗಿಲ್ಲ. ಓದೋರೂ ಏಳಂಗಿಲ್ಲ, ಕೇಳೋರೂ ಏಳಂಗಿಲ್ಲ. ನಡುವ ನಿಲ್ಲಿಸಿದ್ರ ಊರಿಗೆ ಚಲೋ ಅಲ್ಲ.”

ಬಹಳ ಉತ್ತಮವಾದ ಕಟ್ಟಳೆ ಎಂದು ನಾನೂ ತಲೆ ಆಡಿಸಿದೆ.

ಮೊದಲು ಸಂಸ್ಕೃತ ಶ್ಲೋಕಗಳನ್ನು ಓದಿದೆ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹೀಗಾಗಿ ಗೌರವ ಹೆಚ್ಚಾಯಿತು. ಮಹಿಬೂಬಸಾಬರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಅರ್ಧ ತಾಸು ಆಗಿರಬಹುದು, ಭೀಮಾ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ತಲೆಯೆತ್ತಿ ನೋಡಿದರೆ ಕರಿ ಮೋಡ! ಸುಳ್ಳಲ್ಲ, ಎಮ್ಮೆಗಳ ಹಿಂಡಿನಂತೆ ಗುಡಿಯ ನೆತ್ತಿಗೇ ಬಂದು ನಿಂತವು.

“ಬಂತು ಬಂತು!” ಎಂದರು ಹೆಂಗಸರು.

ನೀಲಮ್ಮ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡಿದಳು. ಅಷ್ಟರಲ್ಲಿ ಮಾವನ ಮನೆಯಿಂದ ಚಹಾದ ಕಿಟ್ಲಿ ಬಂತು. ಮಾವ ಕೈಸನ್ನೆಯಿಂದ ಅದನ್ನು ವಾಪಸು ಕಳಿಸಿಬಿಟ್ಟರು! ನನ್ನ ಎದೆ ಉಬ್ಬಿ, ಒದ್ದೆ ಧೋತರ ಮೈಮೇಲೇ ಒಣಗಿತು. ಜೀವನದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಪಟ್ಟಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ಅತನೂರಿನಲ್ಲಿ ನನ್ನ ಹೆಸರಿನ ಒಂದು ಕಟ್ಟೆಯಾದರೂ ಇರುತ್ತಿತ್ತು.

“ಅಳಿಯಂದಿರ, ಈಗ ಜರಾ ಅರ್ಥ ಹೇಳ್ರಿ. ಮಂದಿಗೂ ತಿಳೀಲಿ” ಎಂದರು ಮಾವ.

ಹೇಳತೊಡಗಿದೆ. ಒಂದು ದೊಡ್ಡ ಕಾಡು. ಬೆಂಕಿಯ ದೇವರಿಗೆ ಹಸಿವೆ. ಆ ಕಾಡನ್ನೇ ಉಣ್ಣಬೇಕೆಂಬ ಆಸೆ. ಕಾಡಿಗೆ ಬೆಂಕಿ ಬಿತ್ತು. ಇದನ್ನು ಕಂಡು ಮಳೆಯ ದೇವರಿಗೆ ಸಿಟ್ಟು ಬಂತು.

“ಬರಬೇಕ ಮತ್ತ!” ಎಂದು ಯಾರೋ ಹುರುಪಿನಿಂದ ಕೂಗಿದರು.

“ಮಳೆಯ ದೇವರು ಮೋಡಗಳನ್ನೆಲ್ಲ ಕೂಡಿಸಿದನು! ಗುಡುಗಿದನು! ಮಿಂಚಿದನು!” ಎಂದು ನಾನು ದನಿ ಏರಿಸಿದೆ. ಮೇಲೆ ನಿಜವಾಗಿಯೂ ಗುಡುಗಿತು. ಪುಸ್ತಕದ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಜನ ಕೈ ಮುಗಿದರು. ಅದೇ ಹುಮ್ಮಸ್ಸಿನಲ್ಲಿ, ಕಣ್ಣಿಗಿಂತ ಮುಂದೆ ಓಡಿದ ಬಾಯಿಯಿಂದ, ಮುಂದಿನ ಸಾಲನ್ನೂ ಅಷ್ಟೇ ಜೋರಾಗಿ ಹೇಳಿಬಿಟ್ಟೆ.

“ಆಗ ಬೆಂಕಿಯ ಕಡೆ ನಿಂತಿದ್ದ, ಐವರಲ್ಲಿ ಒಬ್ಬನಾದ ಬಿಲ್ಲುಗಾರನು ಆಕಾಶದ ತುಂಬ ಬಾಣಗಳ ಚಪ್ಪರ ಹಾಕಿ, ಒಂದು ಹನಿಯೂ ನೆಲಕ್ಕೆ ಬೀಳದಂತೆ ತಡೆದನು!”

ಮುಗಿದ ಕೈಗಳೆಲ್ಲ ಕೆಳಗಿಳಿದವು. ಮಹಿಬೂಬಸಾಬರು ಕಣ್ಣು ಬಿಟ್ಟರು.

“ಮಾಸ್ತರ್ರ, ಇದು ಮಳಿ ಓಡಸೋ ಕತಿ ಅಲ್ರಿ?”

ನಾನು ಪುಟ ತಿರುವಿದೆ. ಮತ್ತೊಂದು ಪುಟ ತಿರುವಿದೆ. ಹೌದು! ಮಳೆ ಎಂಬ ಶಬ್ದ ಅಲ್ಲಿ ಅಷ್ಟು ಸಲ ಬಂದಿರಲು ಕಾರಣವೇ ಅದು. ಮಳೆಯ ದೇವರು ಅಷ್ಟು ಸಲ ಬಂದಿದ್ದ. ಅಷ್ಟೂ ಸಲ ಅವನನ್ನು ಓಡಿಸಿದ್ದರು.

“ಈ ಭಾಗ ಪ್ರಕ್ಷಿಪ್ತ ಇರಬಹುದು. ಬಿಟ್ಟು ಮುಂದ ಹೋಗೂಣೇನ್ರಿ?” ಎಂದು ಕೇಳಿದೆ.

ಮಾವ ಆಕಾಶ ನೋಡಿದರು. “ಮೋಡ ಹೋಗಾಕತ್ತಾವ. ಅವೂ ಪ್ರಕ್ಷಿಪ್ತ ಏನ್ರಿ?”

“ಹಂಗಾದ್ರ ಇಲ್ಲಿಗೇ ನಿಲ್ಲಸ್ತೇನಿ.”

“ನಿಲ್ಲಸಂಗಿಲ್ಲ! ಹಿಡಿದ ಕತಿ ಮುಗೀಬೇಕು!” ಎಂದು ಊರೇ ಹೌಹಾರಿತು.

ಓದಿದೆ. ಮಳೆಯ ದೇವರು ಮತ್ತೆ ಬಂದ, ಮತ್ತೆ ಸೋತ. ಇನ್ನೂ ದೊಡ್ಡ ಮೋಡ ತಂದ, ಗಾಳಿಯ ಅಸ್ತ್ರ ಬಿಟ್ಟು ಅದನ್ನೂ ಚೆದುರಿಸಿದರು. ಆ ಸಾಲು ಓದುವಾಗ ಇಲ್ಲಿಯೂ ಗಾಳಿ ಎದ್ದು ಉಳಿದ ಮೋಡಗಳನ್ನು ತಳ್ಳಿಕೊಂಡು ಹೋಯಿತು. ದೇವರು ಬೆಟ್ಟದ ತುದಿಯನ್ನೇ ಕಿತ್ತು ಒಗೆದ, ಅದನ್ನೂ ಪುಡಿ ಮಾಡಿದರು. ನಾನು ದನಿ ತಗ್ಗಿಸಿ ಓದಿ ನೋಡಿದೆ. ಬೇಗ ಬೇಗ ಓದಿ ನೋಡಿದೆ. ಏನು ಮಾಡಿದರೂ ಆ ಬಿಲ್ಲುಗಾರ ಸೋಲಲಿಲ್ಲ! ಐದು ಗಂಟೆಯ ಹೊತ್ತಿಗೆ ಆಕಾಶ ತೊಳೆದಿಟ್ಟ ತಾಟಿನಂತೆ ಹೊಳೆಯತೊಡಗಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳಿದಳು.

“ಕಾಡು ಪೂರಾ ಸುಟ್ಟಿತೇನೋ ಯಪ್ಪಾ? ಎಮ್ಮಿ ಹಿಂಡೋ ಹೊತ್ತಾಯ್ತು.”

“ಇನ್ನೊಂದು ಚೂರು ಉಳದದವ್ವ” ಎಂದೆ. ಬೇರೆ ಏನು ಹೇಳಲಿ?

ಅಂತೂ ಕಾಡು ಸುಟ್ಟು ಮುಗಿಯಿತು. ಸಂಜೆ ಜೇವರ್ಗಿಯಿಂದ ನೀಲಮ್ಮನ ತಂಗಿಯ ಫೋನು ಬಂತು. ಅಲ್ಲಿ ಮಧ್ಯಾಹ್ನದಿಂದ ಭರ್ಜರಿ ಮಳೆಯಂತೆ. “ನಿಮ್ಮ ಮಾಸ್ತರ್ರು ಅಲ್ಲಿ ಓದಿದ್ದು ಇಲ್ಲಿತನ ಮುಟ್ಟಿತು ನೋಡು” ಎಂದಳಂತೆ. ನೀಲಮ್ಮ ಫೋನನ್ನು ನನ್ನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತವರಿನಲ್ಲಿ ಅವಳು ತಲೆ ತಗ್ಗಿಸಿ ನಡೆದದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

ಮರುದಿನ ಅದೇ ಗುಡಿ, ಅದೇ ಜನ. ಮಣೆಯ ಮೇಲೆ ಮಾತ್ರ ಮಹಿಬೂಬಸಾಬರು! ಅವರ ಹತ್ತಿರ ಪುಸ್ತಕವಿಲ್ಲ, ಪ್ರಮಾಣಪತ್ರವಿಲ್ಲ. ದೊಡ್ಡಾಟದಲ್ಲಿ ಕಲಿತ ಅಜ್ಞಾತವಾಸವನ್ನೇ ಕಣ್ಣು ಮುಚ್ಚಿ ಹಾಡುತ್ತ, ಅರ್ಥ ಹೇಳುತ್ತ ಹೋದರು. ಮರೆತಲ್ಲಿ ಜನರೇ ನೆನಪು ಮಾಡಿಕೊಟ್ಟರು. ಎಮ್ಮೆ ಹಿಂಡುವ ಆ ಮುದುಕಿ ಒಂದು ಕಡೆ ಇಡೀ ಪದವನ್ನೇ ಹಾಡಿದಳು. ನನ್ನ ಕೈಗೆ ಒಂದು ಜೋಡಿ ತಾಳ ಕೊಟ್ಟಿದ್ದರು. ಅದನ್ನೂ ಎರಡು ಸಲ ತಪ್ಪಿ ಬಾರಿಸಿದೆ. ಕಥೆಯಲ್ಲಿ ದನಗಳನ್ನು ಬಿಡಿಸಿಕೊಂಡು ಬರುವ ಹೊತ್ತಿಗೆ ಶುರುವಾದ ಮಳೆ, ಐವರೂ ವೇಷ ಕಳಚುವಷ್ಟರಲ್ಲಿ ಗುಡಿಯ ಮೆಟ್ಟಿಲು ಮುಳುಗಿಸಿತು. ಯಾರೂ ಏಳಲಿಲ್ಲ. ತೊಯ್ಯುತ್ತ ಕುಳಿತು ನಕ್ಕರು. ನಾನೂ ನಕ್ಕೆ. ನನ್ನ ಕಣ್ಣೂ ತೊಯ್ದಿತ್ತು, ಯಾರಿಗೂ ತಿಳಿಯಲಿಲ್ಲ.

ಅಫಜಲಪುರಕ್ಕೆ ಬಂದವನೇ ಆರನೆಯ ಪಾಠ ಹಚ್ಚಿ, ಸ್ನಾನಕ್ಕೆ ಹೋಗದೆ ಕುಳಿತು ನೋಡಿದೆ. ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಮಹಾಕಾವ್ಯಗಳು ಪುಸ್ತಕಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ, ಆಟದಲ್ಲಿ, ನಂಬಿಕೆಯಲ್ಲಿ ಉಳಿದಿವೆ, ನಮ್ಮ ಕಡೆ ಮಳೆಗಾಗಿ ಅಜ್ಞಾತವಾಸದ ಪರ್ವ ಓದಿಸುವುದೇ ಅದಕ್ಕೆ ಉದಾಹರಣೆ ಎಂದು ಪಾಠದ ಮೇಡಂ ನಗುನಗುತ್ತ ಹೇಳುತ್ತಿದ್ದರು. ಸ್ನಾನದ ಮನೆಯಲ್ಲಿ ನಾನು ಆವತ್ತು ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದ ನಿಮಿಷ ಅದೇ ಇರಬೇಕು.

“ಹೋಗ್ಲಿ ಬಿಡ್ರಿ. ಮೊದಲ ನಿಮಗ ಪುರಾಣ ಗೊತ್ತಿಲ್ಲ ಅಂತ ಚಾ ಕೊಡ್ತಿದ್ರು. ಈಗ ಗೊತ್ತದ ಅಂತ ಅಂಜತಾರ. ಅಷ್ಟರ ಆಯ್ತಲ್ಲ” ಎಂದಳು ನೀಲಮ್ಮ. ಸಮಾಧಾನವೋ ಚೇಷ್ಟೆಯೋ ಇನ್ನೂ ಗೊತ್ತಾಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಸಂಗತಿಯನ್ನು ನಾನು ಯಾರ ಮುಂದೂ ಹೇಳುತ್ತಿರಲಿಲ್ಲ. ಆದರೆ ಚಳಿಗಾಲದಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಮಾವನ ಫೋನು ಮತ್ತೆ ಬಂತು. ದನಿಯಲ್ಲಿ ಎಂದೂ ಇಲ್ಲದ ಮರ್ಯಾದೆ.

“ಅಳಿಯಂದಿರ, ಕಣದಾಗ ರಾಶಿ ಬಿದ್ದದ. ಮ್ಯಾಲ ಅಡ್ಡಮಳಿ ಮೋಡ ಆಗ್ಯದ. ನಿಮ್ಮ ಆ ಕಾಡು ಸುಡೋ ಕತಿ ಅದಲ್ರಿ, ಅದನ್ನ ತಗೊಂಡು ಜಲ್ದಿ ಬರ್ರಿ. ಜೀಪ್ ಕಳಿಸೇನಿ!”

ಜೀಪು! ನಾನು ಕೋಟು ಹಾಕಿಕೊಂಡೆ. ನೀಲಮ್ಮ ಜೀಪು ಹತ್ತುವ ಮುಂದೆ ಛತ್ರಿ ಹಿಡಿದುಕೊಂಡು ಬಂದಳು. ಅದನ್ನು ಕಿತ್ತು ಮನೆಯೊಳಗೆ ಒಗೆದು ಬಾಗಿಲಿಗೆ ಕೀಲಿ ಹಾಕಿದೆ. ಮಳೆ ನಿಲ್ಲಿಸಲು ಹೋಗುವವನು ಛತ್ರಿ ಒಯ್ಯುವುದುಂಟೇ? ಪ್ರಮಾಣಪತ್ರ ಮಾತ್ರ ಮರೆಯಲಿಲ್ಲ.

ಈ ಸಲ ನನ್ನ ತಯಾರಿಯಲ್ಲಿ ಕೊರತೆ ಇರಲಿಲ್ಲ. ಕಥೆಯನ್ನು ಮೊದಲಿನಿಂದ ಕೊನೆಯತನಕ ಓದಿದ್ದೆ. ಪರಿಣಾಮವನ್ನಂತೂ ಊರೇ ಕಣ್ಣಾರೆ ಕಂಡಿತ್ತು. ಕಣದ ನಡುವೆ ನನಗೊಂದು ಕುರ್ಚಿ ಹಾಕಿದ್ದರು. ಮಾವ, ಮಹಿಬೂಬಸಾಬರು, ನೀಲಮ್ಮ, ಊರ ನಾಲ್ಕು ಹಿರಿಯರು ಬದಿಯ ತಗಡಿನ ಶೆಡ್ಡಿನಲ್ಲಿ ಕುಳಿತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದತೊಡಗಿದೆ. ಬಾಣಗಳ ಚಪ್ಪರ ಬರುವ ಸಾಲಿಗೆ ಬಂದು, ತಲೆಯೆತ್ತಿ, ಆಕಾಶಕ್ಕೇ ಹೇಳುವಂತೆ ಓದಿದೆ.

ಮಳೆ ಸುರಿಯಿತು! ದೋ ಎಂದು ಸುರಿಯಿತು!

ಗಾಬರಿಯಿಂದ ತೊಗರಿ ರಾಶಿಯ ಕಡೆ ತಿರುಗಿದೆ. ಆಗ ಕಂಡಿತು. ರಾಶಿಯ ಮೇಲೆ ಮಳೆ ತಡೆಯುವ ದಪ್ಪ ತಾಡಪತ್ರಿ. ಚೀಲಗಳ ಮೇಲೆ ತಾಡಪತ್ರಿ. ಹೊಟ್ಟಿನ ಬಣವೆಯ ಮೇಲೂ ತಾಡಪತ್ರಿ, ಸುತ್ತಲೂ ಹಗ್ಗ ಬಿಗಿದು ಕಲ್ಲು ಹೇರಿದ್ದರು. ಇದೆಲ್ಲ ನಾನು ಬರುವ ಮೊದಲೇ ಆದ ಕೆಲಸ. ಇಡೀ ಕಣದಲ್ಲಿ ತಾಡಪತ್ರಿ ಇಲ್ಲದೆ ಉಳಿದ ವಸ್ತು ಒಂದೇ. ಅದು ಓದುತ್ತಿತ್ತು!

“ಮಾವನೋರ, ಏಳ್ಲೇನ್ರಿ?” ಎಂದು ಕೂಗಿದೆ.

“ಏಳಂಗಿಲ್ರಿ! ಕಾಡು ಪೂರಾ ಸುಡಬೇಕು!”

“ಮಾಸ್ತರ್ರ, ಬಾಣದ ಚಪ್ಪರ ಎಲ್ಲದ ರೀ?” ಎಂದರು ಶೆಡ್ಡಿನಿಂದ ಮಹಿಬೂಬಸಾಬರು.

ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು, ತಂದೆಯ ಭುಜಕ್ಕೆ ತಲೆಯಾನಿಸಿ, ಅಲುಗಿ ಅಲುಗಿ ನಗುತ್ತಿದ್ದಳು. ತವರಿನಲ್ಲಿ ಅವಳು ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಮಾರಿ ಎತ್ತಿ ಅಡ್ಡಾಡುವುದೆಂದರೆ ಇದೂ ಒಂದು ಬಗೆ ಇರಬೇಕು ಎಂದುಕೊಂಡು ಓದು ಮುಂದುವರಿಸಿದೆ. ಮಳೆಯ ದೇವರು ಪುಸ್ತಕದಲ್ಲಿ ಸೋಲುತ್ತಿದ್ದ, ಕಣದಲ್ಲಿ ಗೆಲ್ಲುತ್ತಿದ್ದ.

ಮಾವ ಮನೆಯ ಕಡೆ ಮುಖ ಮಾಡಿ ಕೂಗಿದರು.

“ಅಳಿಯಂದಿರಿಗೆ ಚಾ ಕೊಡ್ರಿ!”

ಚಹಾ ಬಂತು. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ಲ್ಯಾಮಿನೇಶನ್ ಮಾಡಿಸಿದ ಪ್ರಮಾಣಪತ್ರ. ಅದನ್ನು ಕಪ್ಪಿನ ಮೇಲೆ ಅಡ್ಡ ಹಿಡಿದು, ಒಂದು ಹನಿಯೂ ಬೀಳದಂತೆ ತಡೆದು, ಚಹಾ ಕುಡಿದೆ.